ಅತ್ತೆಗೊಂದು ಬಾಟಲಿ ಜಾಮ್

ಅತ್ತೆಗೆ ಗೊತ್ತಿರುವ ಅಡುಗೆ ಮಾಡಿದರೆ ತಾನೆ ಅತ್ತೆ ತಪ್ಪು ಹುಡುಕುವುದು? ಅತ್ತೆ ಜನ್ಮದಲ್ಲೇ ಮಾಡಿರದ ಅಡುಗೆಯೊಂದನ್ನು ಮಾಡಿಬಿಟ್ಟರೆ?

ಈ ಮಹಾಸತ್ಯ ಸುಮಂಗಲಾ ಟೀಚರಿಗೆ ಹೊಳೆದದ್ದು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ತಮ್ಮ ಮನೆಯಲ್ಲಿ, ಒಂದು ಗುರುವಾರ ಸಂಜೆ, ಒಂಬತ್ತನೇ ಇಯತ್ತೆಯ ಗಣಿತದ ಪೇಪರು ತಿದ್ದುತ್ತಿರುವಾಗ. ಹೊಳೆದ ಕೂಡಲೇ ಕೆಂಪು ಪೆನ್ನಿಗೆ ಟೋಪಿ ಹಾಕಿದಳು, ಎದ್ದು ನಿಂತಳು, ಟಿವಿಗೂ ಗಂಡನಿಗೂ ನಡುವೆ ಬಂದು ಘೋಷಿಸಿದಳು:

"ರೀ, ಈ ರವಿವಾರ ಕಮಲಾಪುರಕ್ಕ ಹೋಗ್ತೀವಲ್ಲ, ಅತ್ತಿಯವರಿಗೆ ನಾ ಜಾಮ್ ಮಾಡಿ ಒಯ್ತೀನಿ!"

ಅಜಿತ ಟಿವಿಯ ದನಿ ಕಡಿಮೆ ಮಾಡಿ ಕೇಳಿದ, "ಯಾಕ? ಅವ್ವ ನಿನಗೇನು ಅನ್ಯಾಯ ಮಾಡ್ಯಾಳ?"

ಅನ್ಯಾಯಗಳೇನು ಒಂದೇ ಎರಡೇ! ಅಜಿತನ ತಾಯಿ ತುಳಜಾಬಾಯಿ ಕಮಲಾಪುರದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದುಕೊಂಡು, ಬಾಗಿಲ ಕಟ್ಟೆಯ ಮೇಲೆ ಕೂತೇ ಇಡೀ ಓಣಿಯ ಆಡಳಿತ ನಡೆಸುವ ಹೆಂಗಸು. ಆಕೆಯ ಕೈಯಲ್ಲಿ ಅಮೃತವಿದೆ ಅಂತ ಊರೆಲ್ಲ ಹೇಳುತ್ತದೆ. ನಾಲಿಗೆಯಲ್ಲಿ ಏನಿದೆ ಅಂತ ಸೊಸೆಯಂದಿರನ್ನು ಕೇಳಬೇಕು. ಮದುವೆಯಾದ ಹೊಸದರಲ್ಲಿ ಸುಮಂಗಲಾ ಅತ್ತೆಗಾಗಿ ಹೋಳಿಗೆ ಮಾಡಿದ್ದಳು. ಅತ್ತೆ ಒಂದನ್ನು ಪೂರಾ ತಿಂದು, ಬಾಯಿ ಒರೆಸಿಕೊಂಡು, "ಛಲೋ ಅದವಾ. ನಿಮ್ಮ ಬೀದರ ಕಡಿ ಇದಕ್ಕ ಏನಂತಾರ?" ಅಂದಿದ್ದಳು. ಎಣಗಾಯಿ ಮಾಡಿದಾಗ, "ಬದನಿಕಾಯಿ ಭಾಳ ಛಲೋ ಇದ್ದುವು, ಪಾಪ" ಅಂದಿದ್ದಳು. ಆ 'ಪಾಪ' ಬದನೆಕಾಯಿಗೆ ಸಂದದ್ದೆಂದು ತಿಳಿಯಲು ಸುಮಂಗಲಾಗೆ ಅರ್ಧ ದಿನ ಹಿಡಿಯಿತು. ಜೋಳದ ರೊಟ್ಟಿ ಮಾಡಿದ ದಿನವಂತೂ ಅದನ್ನು ಎರಡೂ ಕೈಯಿಂದ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಎಕ್ಸ್-ರೇ ನೋಡುವ ಡಾಕ್ಟರರಂತೆ ನೋಡಿ, ಮೆಲ್ಲಗೆ ತಟ್ಟೆಯಲ್ಲಿಟ್ಟು, "ಅನ್ನ ಇದ್ರ ನೀಡವಾ" ಅಂದಳು.

"ಹೋಳಿಗಿ, ಎಣಗಾಯಿ, ರೊಟ್ಟಿ, ಇವೆಲ್ಲಾ ನಿಮ್ಮವ್ವನ ಮೈದಾನರಿ," ಅಂದಳು ಸುಮಂಗಲಾ. "ಅಲ್ಲಿ ಹೋಗಿ ಆಡಿದ್ರ ನಾ ಸೋಲೋದ. ಜಾಮ್ ನನ್ನ ಮೈದಾನ!"

"ನೀ ಎಂದರ ಜಾಮ್ ಮಾಡೀ ಏನು?"

"ಇಲ್ಲ. ಅವರೂ ಮಾಡಿಲ್ಲಲ್ಲ! ಅವರದೂ ಸೊನ್ನಿ, ನಂದೂ ಸೊನ್ನಿ. ಸೊನ್ನಿಗೆ ಸೊನ್ನಿ ಸಮ. ಮೊದಲು ಯಾರು ಒಂದು ಗಳಸ್ತಾರೋ ಅವರದ ಗೆಲುವು!"

ಗಣಿತದ ಟೀಚರು ಹೀಗೆ ಲೆಕ್ಕ ಹಾಕಿ ಹೇಳಿದ ಮೇಲೆ, ನೀರಾವರಿ ಕಚೇರಿಯ ಗುಮಾಸ್ತ ಅಜಿತ ಟಿವಿಯ ದನಿ ಮತ್ತೆ ಏರಿಸಿದ.

ಸುಮಂಗಲಾ ಅಲ್ಲಿಗೇ ನಿಲ್ಲಲಿಲ್ಲ. ಯುದ್ಧಕ್ಕೆ ಮೊದಲು ರಣಭೇರಿ ಬಾರಿಸಬೇಕಲ್ಲ! ಕಮಲಾಪುರಕ್ಕೆ ಫೋನು ಹಚ್ಚಿದಳು.

"ಅತ್ತಿ, ರವಿವಾರ ಬರ್ತೀವ್ರಿ. ಬರುವಾಗ ಜಾಮ್ ತರ್ತೀನ್ರಿ!"

"ಜಾಮಾ?" ತುಳಜಾಬಾಯಿಯ ದನಿಯಲ್ಲಿ ಅಚ್ಚರಿ. "ಯಾಕವಾ ಗಾಡಿ ಮ್ಯಾಲ ಭಾರ? ನಮ್ಮ ಹಿತ್ತಲದಾಗ ಗಿಡದ ತುಂಬ ಜಾಮ್ ಅದಾವ. ಗಿಳಿ ತಿಂದು ತಿಂದು ಚೆಲ್ಲಾಕತ್ತಾವ."

ಕಲಬುರಗಿ ಕಡೆ ಪೇರಲಹಣ್ಣಿಗೆ ಜಾಮ್ ಅನ್ನುವವರು ಬಹಳ. ಸುಮಂಗಲಾಗೆ ಇದು ಮರೆತೇಹೋಗಿತ್ತು.

"ಆ ಜಾಮ್ ಅಲ್ರಿ ಅತ್ತಿ. ಬ್ರೆಡ್ಡಿಗೆ ಹಚ್ಚಿಕೊಂಡು ತಿಂತಾರಲ್ರಿ, ಆ ಜಾಮ್."

"ಬ್ರೆಡ್ಡಾ! ಯವ್ವಾ, ಜ್ವರ ಯಾರಿಗೆ ಬಂದದ? ಅಜಿತ ಆರಾಮ ಇದ್ದಾನಿಲ್ಲೋ?"

ಮಗ ಆರಾಮಾಗಿದ್ದಾನೆಂದು ನಂಬಿಸಲು ಅಜಿತನ ಕೈಗೇ ಫೋನು ಕೊಡಬೇಕಾಯಿತು. ಅವನು ತಾಯಿಯ ಜೊತೆ ಮಾತಾಡುತ್ತ ಒಮ್ಮೆ ಹೆಂಡತಿಯ ಕಡೆ ನೋಡಿ, "ಇಲ್ಲವ್ವಾ, ಸದ್ಯಕ್ಕ ಆರಾಮ ಇದೀನಿ" ಅಂದ.

ಶನಿವಾರ ಶಾಲೆ ಅರ್ಧ ದಿನ. ಗಂಟೆ ಬಾರಿಸಿದ್ದೇ ತಡ, ಸುಮಂಗಲಾ ಊರ ಪೇಟೆಯಾದ ಸೂಪರ್ ಮಾರ್ಕೆಟಿಗೆ ಬಂದಳು. ಆಟೋಗಳ ನಡುವೆ ಸೆರಗು ಸಿಕ್ಕಿಸಿಕೊಳ್ಳದೆ ನುಸುಳಿ, ಹಣ್ಣಿನ ಬಂಡಿಯ ಕರೀಂಸಾಬನ ಮುಂದೆ ನಿಂತು, "ಎರಡು ಕಿಲೋ ಸೇಬ, ಒಂದು ಡಜನ್ ಮೋಸಂಬಿ, ಒಂದು ಡಜನ್ ಸಂತ್ರಾ" ಅಂದಳು.

ಕರೀಂಸಾಬನ ಮುಖ ಬಾಡಿತು. "ಅರೆ ಟೀಚರ್! ಯಾವ ದವಾಖಾನಿರಿ? ಯಾರಿಗೇನಾತ್ರಿ?"

"ಯಾರಿಗೂ ಏನೂ ಆಗಿಲ್ಲ!"

"ಬರೇ ಸೇಬ ಒಯ್ದ್ರ ಮನಿಗಿ ಅಂತ ತಿಳೀತದ್ರಿ. ಬರೇ ಮೋಸಂಬಿ ಒಯ್ದ್ರೂ ತಿಳೀತದ. ಎರಡೂ ಕೂಡಿಸಿ ಒಯ್ದ್ರ ಪೇಷಂಟ್ ಇದ್ದಾರ ಅಂತನ ಲೆಕ್ಕ. ನಮ್ಮ ಅಬ್ಬಾನ ಕಾಲದಿಂದ ನೋಡಾಕತ್ತೀನ್ರಿ."

"ಜಾಮ್ ಮಾಡಾಕ ಬೇಕಾಗ್ಯಾವ, ಕರೀಂಸಾಬ್. ಮನ್ಯಾಗ."

ಕರೀಂಸಾಬ್ ತಕ್ಕಡಿ ಹಿಡಿದುಕೊಂಡೇ ಒಂದು ಗಳಿಗೆ ಯೋಚಿಸಿದ. "ಹಂಗಾದ್ರ ಪೇಷಂಟ್ ಇನ್ನಾ ಆಗಬೇಕು ಅನ್ರಿ" ಅಂದು, ಮೇಲೆ ಎರಡು ಲಿಂಬೆಹಣ್ಣು ಬಿಟ್ಟಿಯಾಗಿ ಹಾಕಿಕೊಟ್ಟ.

ಮನೆಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಸುಮಂಗಲಾ ಸಮರಕ್ಕಿಳಿದಳು. ವಿಡಿಯೋದಲ್ಲಿ ಲಿಪ್‌ಸ್ಟಿಕ್ ಹಚ್ಚಿಕೊಂಡ ಹೆಂಗಸೊಬ್ಬಳು ಅಡುಗೆಮನೆಯಲ್ಲಿ ಒಂದು ಹನಿಯೂ ಬೆವರದೆ ನಗುತ್ತಿದ್ದಳು. "ಮೋಸಂಬಿ, ಕಿತ್ತಳೆಯ ಸಿಪ್ಪೆ, ಬೀಜ, ಬಿಳಿ ನಾರು ಎಲ್ಲವನ್ನೂ ಪೂರ್ತಿ ತೆಗೆಯಿರಿ ಫ್ರೆಂಡ್ಸ್..."

ಇಲ್ಲೇ ನೋಡಿ, ಎಡವಟ್ಟಾದದ್ದು. ಸುಮಂಗಲಾ ಸುಲಿದ ಸಿಪ್ಪೆಯ ಗುಡ್ಡೆ ನೋಡಿದಳು. ಒಳಗಿನ ಹಣ್ಣಿಗಿಂತ ಅದೇ ದೊಡ್ಡದಿತ್ತು!

"ಅರ್ಧಕ್ಕರ್ಧ ಚೆಲ್ಲು ಅಂತಾಳಲ್ಲ ಈಕಿ! ಸತ್ವ ಇರೋದ ಸಿಪ್ಯಾಗ. ಏಳನೇತ್ತೆ ವಿಜ್ಞಾನ ಪುಸ್ತಕದಾಗನ ಬರದದ!"

ಸಿಪ್ಪೆ, ನಾರು, ಬೀಜ, ಎಲ್ಲವೂ ಮಿಕ್ಸಿಗೆ ಹೋದವು. ಮಿಕ್ಸಿ ಒಮ್ಮೆ ಗೊರ್ ಅಂದಿತು, ಒಮ್ಮೆ ನರಳಿತು, ಕೊನೆಗೆ ಒಪ್ಪಿಕೊಂಡಿತು. ಹೆಚ್ಚಿದ ಸೇಬಿನ ಜೊತೆ ಅದನ್ನೆಲ್ಲ ಬೋಗುಣಿಗೆ ಸುರಿದು, ಬಿಟ್ಟಿ ಲಿಂಬೆಹಣ್ಣು ಹಿಂಡಿ, ಸಕ್ಕರೆ ಹಾಕಿ, ಒಲೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಎಂಥ ಘಮ! ಬಣ್ಣವೋ, ಹೊಸ ಬಂಗಾರದ ಬಣ್ಣ! ಘಮಕ್ಕೆ ಸೋತ ಅಜಿತ ಚಮಚ ಹಿಡಿದು ತಾನಾಗಿಯೇ ಬಂದ. ಒಂದು ಚಮಚ ಊದಿ ಊದಿ ಬಾಯಿಗಿಟ್ಟ. ಮುಖದಲ್ಲಿ ಮೊದಲು ನಗು ಬಂತು. ಆಮೇಲೆ ನಗು ಅಲ್ಲೇ ನಿಂತಿತು. ಆಮೇಲೆ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

"ಹ್ಯಾಂಗದ?"

"ಶುರು ಭಾಳ ಛಲೋ ಅದ."

"ಆಮ್ಯಾಲ?"

"ಆಮ್ಯಾಲ ಬೇವಿನಗಿಡ ಹತ್ತಿ, ಟೊಂಗಿ ಮುರಿದು, ಎಲಿ ಬಾಯಾಗ ಇಟ್ಟಕೊಂಡ ಕೆಳಗ ಬಿದ್ದಂಗಾಗ್ತದ."

"ನಿಮಗ ನಾಲಿಗಿನ ಇಲ್ಲ!" ಅಂದು ಸುಮಂಗಲಾ ತಾನೇ ರುಚಿ ನೋಡಿದಳು. ನಾಲಿಗೆ ಇದ್ದದ್ದಕ್ಕೆ ಮೊದಲ ಸಲ ಪಶ್ಚಾತ್ತಾಪವಾಯಿತು.

ಆದರೆ ಗಣಿತದ ಟೀಚರು ಸೋಲೊಪ್ಪುವುದುಂಟೇ? ಕಹಿ ಇಷ್ಟಾದರೆ ಸಿಹಿ ಎಷ್ಟು? ತ್ರೈರಾಶಿ! ಡಬ್ಬಿಯ ಸಕ್ಕರೆ ಪೂರಾ ಸುರಿದಳು. ಒರಗಿಸಿದ್ದ ಮೊಬೈಲು ಬಿತ್ತು. ಕಹಿ ಅಲುಗಲಿಲ್ಲ. ಸಕ್ಕರೆ ತೀರಿತು, ಬೆಲ್ಲ ಬಂತು. ಸಂಕ್ರಾಂತಿಗೆಂದು ತಂದಿಟ್ಟ ಬೆಲ್ಲದ ಪೆಂಟೆ ಕುಟ್ಟಿ ಹಾಕಿದಳು. ಬಂಗಾರದ ಬಣ್ಣ ತಾಮ್ರಕ್ಕಿಳಿಯಿತು, ತಾಮ್ರ ಕಬ್ಬಿಣಕ್ಕಿಳಿಯಿತು, ಕೊನೆಗೆ ರಸ್ತೆ ಗುತ್ತಿಗೆದಾರರು ಕಂಡರೆ ಕೇಳಿಕೊಂಡು ಬರುವಂಥ ಬಣ್ಣಕ್ಕೆ ಬಂದು ನಿಂತಿತು. ಬಣ್ಣವಷ್ಟೇ ಅಲ್ಲ, ಸೌಟೂ ನಿಂತಿತು! ಕೈ ಬಿಟ್ಟರೂ ಬೋಗುಣಿಯ ನಟ್ಟನಡುವೆ ಧ್ವಜಸ್ತಂಭದ ಹಾಗೆ ನೆಟ್ಟಗೆ ನಿಂತ ಸೌಟಿಗೆ ಅಜಿತ ಸೆಲ್ಯೂಟ್ ಹೊಡೆದ.

"ನಗಬ್ಯಾಡ್ರಿ! ನೀರು ಹಾಕಿದ್ರ ಸಡಲ್ತದ."

ನೀರು ಹಾಕಿದಳು. ಬೋಗುಣಿ ತುಂಬಿತು. ಇನ್ನೂ ಹಾಕಿದಳು. ಉಕ್ಕಿತು! ಉಕ್ಕಿದ್ದು ಒಲೆಗೆ ಬಿತ್ತು, ಕಟ್ಟೆಗೆ ಬಿತ್ತು, ಕಟ್ಟೆಯಿಂದ ಸಾವಕಾಶವಾಗಿ ನೆಲಕ್ಕಿಳಿಯಿತು. ಅಜಿತ ಒರೆಸಲು ಬಂದ. ಬಂದವನ ಚಪ್ಪಲಿ ನೆಲಕ್ಕೆ ಹಿಡಿದುಕೊಂಡಿತು. ಕಾಲು ಎತ್ತಿದ, ಕಾಲು ಮಾತ್ರ ಬಂತು.

ಇನ್ನು ದೊಡ್ಡ ಪಾತ್ರೆಯಾಗದೆ ಗತಿಯಿಲ್ಲ. ಸುಮಂಗಲಾ ಪಕ್ಕದ ಮನೆಗೆ ಓಡಿದಳು. ಪಕ್ಕದ ಮನೆಯ ಉಮ್ಮೆ ಹಾನಿ ಹಬ್ಬಹುಣ್ಣಿಮೆಗೆ ಬಿರಿಯಾನಿ ಕಳಿಸುವ, ಬಿರಿಯಾನಿಯ ಹಿಂದೆಯೇ ಉಪದೇಶವನ್ನೂ ಕಳಿಸುವ ಗೆಳತಿ. ದೇಗ್ಚಿ ಕೇಳಲು ಬಂದರೆ ಯಾಕೆ, ಏನು ಅಂತ ತಿಳಿಯದೆ ಕೊಡುವವಳಲ್ಲ. ದೇಗ್ಚಿಯ ಜೊತೆ ತಾನೂ ಬಂದಳು. ಬಂದು ಬಗ್ಗಿ ನೋಡಿದಳು.

"ಏನ್ ಟೀಚರ್ ಇದು?"

"ಜಾಮ್, ಆಪಾ."

"ಜಾಮ್ ಅಂದ್ರ ನಮ್ಮಲ್ಲಿ ಎರಡ ನೋಡ್ರಿ. ಒಂದು ಗಿಡದಾಗ, ಒಂದು ಕುಡಿಯೋರ ಗ್ಲಾಸಿನಾಗ. ಇದು ಎರಡೂ ಅಲ್ಲಲ್ಲ!" ಅಂದವಳು ಚಮಚದ ತುದಿಯಿಂದ ಒಂದಿಷ್ಟು ನೆಕ್ಕಿದಳು. ಉಮ್ಮೆ ಹಾನಿ ಮಾತಾಡದಿದ್ದದ್ದನ್ನು ಖೂಬಾ ಪ್ಲಾಟು ಅವತ್ತೇ ಕಂಡದ್ದು.

"ಮಸಾಲಿ ಕಮ್ಮಿ ಬಿದ್ದದ," ಅಂತ ಕೊನೆಗೆ ತೀರ್ಪು ಕೊಟ್ಟಳು. "ದಾಲ್ಚಿನ್ನಿ, ಲವಂಗ ಹಾಕಿದ್ರ ಯಾವ ಕಹೀನೂ ಮುಚ್ಚತದ. ಹೆದರಬ್ಯಾಡ್ರಿ, ಹಾನಿ ನನ್ನ ಹೆಸರಿನಾಗ ಅದ, ಕೈಯಾಗಿಲ್ಲ!"

ಕೈಯಲ್ಲೂ ಕೊಂಚ ಇತ್ತು. ಒಂದು ಹಿಡಿ ಬಿದ್ದೇಬಿಟ್ಟಿತು. ಬಾಗಿಲಲ್ಲಿ ಒಂಟಿ ಚಪ್ಪಲಿಯಲ್ಲಿ ನಿಂತಿದ್ದ ಅಜಿತನಿಗೆ ಕೀಟಲೆ ತಡೆಯಲಿಲ್ಲ. "ಒಣಶುಂಠಿ ಹಾಕಿದ್ರ ಇನ್ನಾ ಛಲೋ ಆಗ್ತದಂತ," ಅಂದ, ಮುಖದ ಒಂದು ಗೆರೆಯೂ ಅಲುಗದಂತೆ. ಸುಮಂಗಲಾ ಈಗ ಯಾರು ಏನು ಹೇಳಿದರೂ ಹಾಕುವ ಹಂತಕ್ಕೆ ಬಂದಿದ್ದಳು. ಒಣಶುಂಠಿ ಬಿತ್ತು. ಕಳೆದುಹೋದ ಬಂಗಾರದ ಬಣ್ಣವನ್ನು ಮರಳಿ ತರಲೆಂದು ಎರಡು ಚಮಚ ಅರಿಶಿನವನ್ನು ಸ್ವಂತ ಬುದ್ಧಿಯಿಂದ ಹಾಕಿದಳು. ಬಂಗಾರ ಬರಲಿಲ್ಲ. ಕೆರೆಯ ತಳದ ಹಸಿರು ಬಂತು.

ದೇಗ್ಚಿ ಕುದಿಯತೊಡಗಿತು. ಕುದಿಯುವುದೆಂದರೆ ಸಾರಿನ ಹಾಗೆ ಕುದಿಯುವುದಲ್ಲ. ಮೊದಲು ಸುಮ್ಮನಿರುವುದು, ಆಮೇಲೆ ಒಂದು ದೊಡ್ಡ ಗುಳ್ಳೆ ಮೆಲ್ಲಗೆ ಉಬ್ಬುವುದು, ಮೂವರೂ ಬಗ್ಗಿ ನೋಡುವುದು, ಆಗ ಫಟ್! ಮೊದಲ ಫಟ್ ಸೂರಿಗೆ ಹೋಯಿತು. ಎರಡನೆಯದು ಅಜಿತನ ಬನಿಯನ್ನಿಗೆ. ಮೂರನೆಯ ಗುಳ್ಳೆ ಉಬ್ಬುವುದನ್ನು ಕಂಡು ಉಮ್ಮೆ ಹಾನಿ ಮನೆಯಲ್ಲಿ ಹಾಲು ಕಾಸಲಿಟ್ಟು ಬಂದದ್ದನ್ನು ನೆನಪಿಸಿಕೊಂಡಳು.

ಸಂಜೆಗೆ ಎಲ್ಲ ಬತ್ತಿ, ಎರಡು ಡಜನ್ ಹಣ್ಣು, ಎರಡು ಕಿಲೋ ಸೇಬು, ಮನೆಯ ಸಕಲ ಸಿಹಿ ಸೇರಿ ಒಂದೇ ಒಂದು ದೊಡ್ಡ ಬಾಟಲಿ ತುಂಬಿತು. ದೇಗ್ಚಿಯ ತಳದಲ್ಲಿ ಇನ್ನೂ ಒಂದು ಬಾಟಲಿಗಾಗುವಷ್ಟಿತ್ತು, ಆದರೆ ಅದು ಬರಲೊಲ್ಲದು! ಸೌಟಿಗೆ ಬರಲಿಲ್ಲ, ಚಾಕುವಿಗೆ ಬರಲಿಲ್ಲ, ಅಜಿತ ತಂದ ಸ್ಕ್ರೂಡ್ರೈವರಿಗೂ ಬರಲಿಲ್ಲ. ಪಾತ್ರೆ ಮರಳಿಸಲು ಹೋದಾಗ ಉಮ್ಮೆ ಹಾನಿ ಒಳಗೆ ಇಣುಕಿ, ಎರಡೂ ಕೈ ಹಿಂದೆ ಕಟ್ಟಿಕೊಂಡಳು. "ಇರ್ಲಿ ಟೀಚರ್, ಈಗದು ನಿಮ್ಮದ."

ಅಜಿತನಿಗೂ ಕರುಣೆ ಬಂತು. "ಸುಮಾ, ಒಂದ್ ಕೆಲಸ ಮಾಡೋಣು. ಅಂಗಡಿಯಿಂದ ಜಾಮ್ ತಂದು ನಮ್ಮ ಬಾಟಲಿಗೆ ಸುರುವಿ ಬಿಡೋಣು. ಅವ್ವಗೇನು ತಿಳೀತದ?"

ಸುಮಂಗಲಾ ಸೆಟೆದು ನಿಂತಳು. ಕೆನ್ನೆಯ ಮೇಲೆ ಜಾಮಿನ ಚುಕ್ಕೆ, ಕಣ್ಣಲ್ಲಿ ಕೆಂಡ. "ಕಾಪಿ ಹೊಡಿಯೋ ಹುಡುಗರನ್ನ ಬೆಂಚಿನ ಮ್ಯಾಲ ನಿಂದ್ರಸಾಕಿ ನಾ! ನನಗ ಕಾಪಿ ಹೊಡಿ ಅಂತೀರಿ? ಮಾಡೀದ್ನ ಒಯ್ತೀನಿ. ಹೆಂಗದನೋ ಹಂಗ! ಖರೆ ಹೇಳ್ತೀನಿ, ಇದು ಜಾಮ್, ನಾ ಮಾಡೀನಿ ಅಂತ!"

ಮರುದಿನ ಬೆಳಿಗ್ಗೆ ಬೈಕಿನ ಹಿಂದಿನ ಸೀಟಿನಲ್ಲಿ, ಒಳ್ಳೆಯ ಸೀರೆಯುಟ್ಟು, ತೊಡೆಯ ಮೇಲೆ ಬಾಟಲಿಯನ್ನು ಕೂಸಿನಂತೆ ಹಿಡಿದು ಸುಮಂಗಲಾ ಕಮಲಾಪುರದ ಹಾದಿ ಹಿಡಿದಳು. ಮಹಾಗಾಂವ ಕ್ರಾಸಿನ ಹತ್ತಿರ ತೊಗರಿಯ ಮೂಟೆ ಹೇರಿದ ಲಾರಿಯೊಂದು ರಸ್ತೆಗಡ್ಡ ನಿಂತಿತ್ತು. ಹಿಂದೆ ಮುಂದೆ ಸಾಲು ಸಾಲು ಗಾಡಿ.

"ಜಾಮ್!" ಅಂದ ಅಜಿತ.

"ಏನಾತ್ರಿ? ಸೋರಾಕತ್ತದೇನು?" ಸುಮಂಗಲಾ ಬೆಚ್ಚಿ ಬಾಟಲಿ ಅಪ್ಪಿಕೊಂಡಳು.

"ನಿಂದಲ್ಲ. ರೋಡಿಂದು."

ಅವನು ಹೇಳಿದ್ದು ಅರ್ಧ ಮಾತ್ರ ಸರಿ. ಬಿಸಿಲಲ್ಲಿ ನಿಂತ ಹೊತ್ತಿಗೆ ಬಾಟಲಿಯೊಳಗಿನದು ಬೆಚ್ಚಗಾಗಿ, ತೆಳ್ಳಗಾಗಿ, ಮುಚ್ಚಳದ ಸಂದಿಯಿಂದ ಸದ್ದಿಲ್ಲದೆ ಇಳಿಯತೊಡಗಿತ್ತು. ಅದನ್ನು ಮೊದಲು ಕಂಡುಹಿಡಿದದ್ದು ಜೇನುಹುಳ. ಒಂದು ಬಂತು, ಬಾಟಲಿಯ ಸುತ್ತ ಒಮ್ಮೆ ಸುತ್ತಿತು, ಕೂತಿತು, ಅರೆಗಳಿಗೆಯಲ್ಲಿ ಎದ್ದು ಹಾರಿಹೋಯಿತು. ಮರಳಿ ಬರಲಿಲ್ಲ. ಅದನ್ನು ಕಂಡೂ ಕಾಣದಂತೆ ಅಜಿತ ಮುಂದೆ ನೋಡಿದ. ಅವನ ಭುಜ ಮಾತ್ರ ಅಲುಗುತ್ತಿತ್ತು.

ಕಮಲಾಪುರದ ಮನೆಯ ಮುಂದೆ ಬೈಕು ನಿಂತಿತು. ಅಜಿತ ಇಳಿದ. ಸುಮಂಗಲಾ ಇಳಿಯಲಿಲ್ಲ.

"ಇಳಿ."

"ಇಳೀಲಾಕ ಬರವಲ್ತು!"

ಕೈ ಹಿಡಿದು ಜಗ್ಗಿದ. ಸುಮಂಗಲಾ ಇಳಿದಳು. ಸೀಟಿನ ಕವರೂ ಅವಳ ಜೊತೆಗೇ ಇಳಿಯಿತು.

ಕಟ್ಟೆಯ ಮೇಲೆ ತುಳಜಾಬಾಯಿ ಶಾಲು ಹೊದ್ದು ಕೂತಿದ್ದಳು. ಚಳಿಗಾಲದ ಕೆಮ್ಮು ಹಿಡಿದಿತ್ತು. ಎರಡು ಮಾತಿಗೊಮ್ಮೆ ಖೊಳ್ ಖೊಳ್. ಪಕ್ಕದಲ್ಲಿ ನೆರೆಮನೆಯ ದೌಲಪ್ಪ ಕಾಕಾ. ಮೊಣಕಾಲು ನೋವಿನ ನೆವದಲ್ಲಿ ಬಹಳ ದಿನದಿಂದ ಆ ಕಟ್ಟೆಯ ಖಾಯಂ ಸದಸ್ಯ. ಸೊಸೆ ಸೀಟಿನ ಕವರಿನ ಸಮೇತ ಬಂದು ಕಾಲಿಗೆ ಬಿದ್ದದ್ದನ್ನು ಕಂಡು ತುಳಜಾಬಾಯಿ, "ಇದೇನವಾ, ಹೊಸಾ ಪದ್ಧತಿ ಸೀರಿ?" ಅಂದಳು. ಆಮೇಲೆ ಕಣ್ಣು ಬಾಟಲಿಯ ಮೇಲೆ ಹೋಯಿತು. "ಏನದ ಅದರಾಗ? ಕೊಡು."

ಮುಚ್ಚಳ ಬರಲಿಲ್ಲ. ಹಾದಿಯಲ್ಲಿ ಸೋರಿದ್ದೆಲ್ಲ ಮುಚ್ಚಳದ ಸುತ್ತ ಒಣಗಿ ಬೆಸುಗೆ ಹಾಕಿದಂತಾಗಿತ್ತು. ಅಜಿತ ತಿರುವಿದ, ಇಲ್ಲ. ದೌಲಪ್ಪ ಕಾಕಾ ಬಾಟಲಿಯನ್ನು ಬಾಗಿಲ ಸಂದಿಯಲ್ಲಿಟ್ಟು, ಹಲ್ಲು ಕಚ್ಚಿ, ಕುಸ್ತಿ ಹಿಡಿದ. ಠಪ್! ಮುಚ್ಚಳ ಬಂತು, ಹಿಂದೆಯೇ ದಾಲ್ಚಿನ್ನಿ ಶುಂಠಿಯ ಘಾಟೂ ಬಂತು.

ತುಳಜಾಬಾಯಿ ಬೆರಳದ್ದಿದಳು. ಬೆರಳನ್ನು ಬೆಳಕಿಗೆ ಹಿಡಿದಳು. ಬೆರಳು ಬಾಯಿಗೆ ಹೋಯಿತು.

ಕೆಮ್ಮು ಅರ್ಧಕ್ಕೆ ನಿಂತಿತು. ಆಕೆಯ ಕಣ್ಣು ಅಗಲವಾದವು, ಆಮೇಲೆ ಮುಚ್ಚಿದವು, ಆಮೇಲೆ ನೀರು ಬಂತು. ಓಣಿಯ ನಾಯಿ ಬೊಗಳುವುದನ್ನು ನಿಲ್ಲಿಸಿತ್ತೆಂದು ಅಜಿತ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ತುಳಜಾಬಾಯಿ ದಡಕ್ಕನೆ ಎದ್ದು ಬಚ್ಚಲಿಗೆ ಹೋದಳು. ಒಳಗಿನಿಂದ ಮಹಾ ಭೀಕರವಾಗಿ ಗಂಟಲು ಸರಿಪಡಿಸಿಕೊಂಡ ಸದ್ದು! ಸುಮಂಗಲಾ ಕಣ್ಣು ಮುಚ್ಚಿ, 'ಮುಗೀತು, ಇದಕ್ಕಿಂತ ರೊಟ್ಟಿನೇ ಛಲೋ ಇತ್ತು' ಅಂದುಕೊಂಡಳು.

ತುಳಜಾಬಾಯಿ ಹೊರಗೆ ಬಂದಳು. ಎದೆ ತುಂಬ ಉಸಿರು ಎಳೆದುಕೊಂಡಳು.

"ಯವ್ವಾ ಯವ್ವಾ ಯವ್ವಾ! ಎಂಟ್ ದಿನದ ಕಫಾ, ಬೇರು ಸೈತ ಕಿತ್ತು ಬಂತು! ಎದಿ ಹಗುರಾತು! ಏನ್ ಔಷಧವಾ ಇದು! ಯಾವ ವೈದ್ಯರ ಕಡಿಂದ ತಂದ್ರಿ?"

ಸುಮಂಗಲಾ ಬಾಯಿ ತೆರೆದಳು. 'ಇದು ಜಾಮ್, ನಾ ಮಾಡೀನಿ' ಅನ್ನುವ ನಿನ್ನೆಯ ಶಪಥದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಜಿತ, "ವೈದ್ಯರಲ್ಲವ್ವಾ, ನಿನ್ನ ಸೊಸಿನ ತನ್ನ ಕೈಯಾರೆ ಮಾಡ್ಯಾಳ" ಅಂದುಬಿಟ್ಟ.

"ನೀನಾ?" ಅತ್ತೆ ಸೊಸೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಇದ್ದದ್ದು ಗೌರವ! ಮದುವೆಯಾದ ಲಾಗಾಯ್ತು ಸುಮಂಗಲಾ ಕಾಣದ ವಸ್ತು! "ಏನೇನ್ ಹಾಕೀದೆವಾ?"

ಖರೆ ಹೇಳುವುದೋ, ಗೌರವ ಉಳಿಸಿಕೊಳ್ಳುವುದೋ? ಸುಮಂಗಲಾ ಎರಡನ್ನೂ ಮಾಡಿದಳು. "ದಾಲ್ಚಿನ್ನಿರಿ, ಲವಂಗರಿ, ಒಣಶುಂಠಿ, ಅರಿಷಿಣ, ಬೆಲ್ಲ, ಲಿಂಬಿಹಣ್ಣು... ಮೋಸಂಬಿ ಸಿಪ್ಪಿ, ಬೀಜ ಸೈತ" ಅಂದಳು. ಸೇಬಿನ ಹೆಸರು ಬಾಯಿಗೆ ಬಂತು, ನುಂಗಿದಳು. ಬೆಂಚಿನ ಮೇಲೆ ನಿಂತ ಹುಡುಗರೆಲ್ಲ ಕಣ್ಣ ಮುಂದೆ ಬಂದರು, ಅವರನ್ನೂ ನುಂಗಿದಳು.

"ಸಿಪ್ಪಿ, ಬೀಜ ಸೈತ! ಈಗಿನ ಹುಡುಗ್ಯಾರು ಯಾರಿಗೆ ಇಷ್ಟು ತಿಳೀತದ!"

ಸುದ್ದಿ ಓಣಿಯಲ್ಲಿ ಹಬ್ಬಲು ಎಷ್ಟು ಹೊತ್ತು! ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಹೊರಟಿದ್ದ ಸೂಗಮ್ಮ ಬುಟ್ಟಿ ಇಳಿಸಿ ಅಂಗೈ ಚಾಚಿದಳು. "ಅಕ್ಕಾರ, ನನಗೂ ಒಂದೀಟು ಹಾಕ್ರಿ. ಊಟಕ್ಕ ಮೊದಲ ತಗೋಬೇಕೋ, ಆಮ್ಯಾಲ ತಗೋಬೇಕೋ?"

ಬ್ರೆಡ್ಡಿಗೆ ಹಚ್ಚಿ ಊಟದಂತೆಯೇ ತಿನ್ನಬೇಕೆಂದು ಮಾಡಿದ ಪದಾರ್ಥಕ್ಕೆ ಈ ಪ್ರಶ್ನೆ! ಸುಮಂಗಲಾ ಹಲ್ಲು ಬಿಗಿಹಿಡಿದು, "ಆಮ್ಯಾಲ" ಅಂದಳು.

"ಪಥ್ಯ?" ಅಂದಳು ಸೂಗಮ್ಮ.

"ಬ್ರೆಡ್ಡು ತಿನ್ನಬಾರದು," ಅಂತ ಅಜಿತ ಗಂಭೀರವಾಗಿ ಉತ್ತರಿಸಿದ.

ಅಷ್ಟರಲ್ಲಿ ದೌಲಪ್ಪ ಕಾಕಾನಿಗೆ ಸ್ವತಂತ್ರ ವಿಚಾರ ಹೊಳೆದಿತ್ತು. ಒಳಗಿನ ಕಫ ಕೀಳುವ ಔಷಧ ಹೊರಗಿನ ನೋವು ಕೀಳದೆ? ಕೇಳದೆ, ಹೇಳದೆ ಎರಡು ಬೆರಳಿನಷ್ಟು ತೆಗೆದು ಮೊಣಕಾಲಿಗೆ ಮೆತ್ತಿ, ಮೇಲೆ ಟವೆಲ್ ಸುತ್ತಿ, ಬಿಸಿಲಿಗೆ ಕಾಲು ಚಾಚಿ ಕೂತ. ಚಹಾ ಬಂತು, ಕುಡಿದ. ಲೋಟ ಇಡಲು ಕಾಲು ಮಡಚಲು ನೋಡಿದ.

"ತುಳಜಕ್ಕಾ! ಕಾಲು ಜಾಮ್ ಆಗ್ಯಾದ!"

ಸುಮಂಗಲಾ ಆ ಶಬ್ದ ಕೇಳಿ ಒಂದು ಮೊಳ ಹಾರಿದಳು. ಹೋಗಿ ನೋಡಿದರೆ ಟವೆಲ್ಲು, ಜಾಮ್, ಮೊಣಕಾಲು ಮೂರೂ ಒಂದಾಗಿ ಪ್ಲಾಸ್ಟರ್ ಕಟ್ಟಿದಂತೆ ಬಿಗಿದಿದ್ದವು. ಬಿಸಿನೀರು ತರೋಣವೆಂದು ಸುಮಂಗಲಾ ಹೇಳುತ್ತಿದ್ದಂತೆಯೇ ಅಜಿತ ಟವೆಲಿನ ತುದಿ ಹಿಡಿದ. "ಕಾಕಾ, ಆ ಕಡಿ ನೋಡ್ರಿ" ಅಂದ. ಕಾಕಾ ಆ ಕಡೆ ನೋಡಿದ. ಅಜಿತ ಈ ಕಡೆ ಜಗ್ಗಿದ.

"ಅಯ್ಯಯ್ಯಯ್ಯಪ್ಪೋ!"

ಮೊಣಕಾಲಿನ ಅರವತ್ತು ವರ್ಷದ ಕೂದಲೆಲ್ಲ ಟವೆಲಿನ ಪಾಲಾಯಿತು. ಆದರೆ ನೋಡಿ, ಹೊಡೆತಕ್ಕೆ ದೌಲಪ್ಪ ಕಾಕಾ ಕಟ್ಟೆಯಿಂದ ಅಂಗಳಕ್ಕೆ ಜಿಗಿದಿದ್ದ! ಅಂಗಳದಲ್ಲಿ ಒಂದು ಸುತ್ತು ಕುಣಿದ. ನಿಂತ. ಬಗ್ಗಿ ಕಾಲು ನೋಡಿಕೊಂಡ. ಮಡಚಿದ, ಚಾಚಿದ, ಮತ್ತೆ ಮಡಚಿದ.

"ಅಕ್ಕಾ, ಕಟ್ಟಿ ಇಳದೀನಲ್ಲ ನಾ! ಯಾರೂ ಕೈ ಹಿಡದಿಲ್ಲ!"

ಅಲ್ಲಿಗೆ ಸುಮಂಗಲಾಳ ಕೀರ್ತಿ ಕಮಲಾಪುರದ ಬಸ್ ಸ್ಟ್ಯಾಂಡು ದಾಟಿತು. ಮಧ್ಯಾಹ್ನದವರೆಗೆ ಜನ ಬಂದರು. ಹಲ್ಲು ನೋವಿನವರು, ತಲೆ ನೋವಿನವರು, ಬರೀ ನೋಡಲು ಬಂದವರು. ತುಳಜಾಬಾಯಿ ಬಾಟಲಿಯನ್ನು ಸೆರಗಿನಡಿ ಹಿಡಿದು, ಒಬ್ಬೊಬ್ಬರಿಗೆ ಕಡ್ಲಿಬೇಳೆಯಷ್ಟು ಹಂಚಿದಳು. "ನಮ್ಮ ಸಣ್ಣ ಸೊಸಿ ಮಾಡ್ಯಾಳ. ಟೀಚರ್ ಇದ್ದಾಳ," ಅಂತ ಪ್ರತಿಯೊಬ್ಬರಿಗೂ ಹೇಳಿದಳು. ಊಟಕ್ಕೆ ಸೊಸೆಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ತನ್ನ ಕೈಯಿಂದ ಶೇಂಗಾ ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದಳು. ಸುಮಂಗಲಾ ತುಪ್ಪದಲ್ಲಿ ತೇಲಿದಳು.

ಊಟದ ನಡುವೆ ತುಳಜಾಬಾಯಿಗೆ ಏನೋ ನೆನಪಾಯಿತು. "ಅಲ್ಲವಾ, ಫೋನಿನಾಗ ಜಾಮೋ ಏನೋ ತರ್ತೀನಿ ಅಂದಿದ್ದೆಲ್ಲ. ಅದೆಲ್ಲ್ಯದ?"

ಸುಮಂಗಲಾಳ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತು. ನೀರಿನ ಲೋಟ ಮುಂದೆ ಸರಿಸುತ್ತ ಅಜಿತ ಹೇಳಿದ, "ಹಾದ್ಯಾಗ ಸಿಕ್ಕಿತ್ತವ್ವಾ ಜಾಮ್. ಮಹಾಗಾಂವ ಕ್ರಾಸಿನಾಗ. ಭಾಳ ದೊಡ್ಡದಿತ್ತು, ತರಾಕಾಗಲಿಲ್ಲ."

"ಹೋಗ್ಲಿ ಬಿಡು. ಜಾಮ್ ತಗೊಂಡು ಏನ್ ಮಾಡೋದದ? ಈ ಔಷಧ ಇನ್ನೊಂದು ಬಾಟಲಿ ಮಾಡಿ ಕಳಸು, ಸಾಕು."

ಸಂಜೆ ಹೊರಡುವ ಹೊತ್ತು. ಅಜಿತ ಅಂಗಳದಲ್ಲಿ ಬೈಕಿನ ಸೀಟಿಗೆ ಹಳೆಯ ಗೋಣಿತಾಟು ಕಟ್ಟುತ್ತಿದ್ದ. ತುಳಜಾಬಾಯಿ ಸೊಸೆಗೆ ಕುಂಕುಮ ಹಚ್ಚಿ, ಕೆಂಪು ಬಾಳೆಹಣ್ಣಿನ ಚಿಪ್ಪು ಉಡಿಗೆ ಹಾಕಿದಳು. ಸುಮಂಗಲಾ ಇಲ್ಲಿಗೆ ಸುಮ್ಮನೆ ಬೈಕು ಹತ್ತಿದ್ದರೆ ಗೆದ್ದೇ ಹೋಗುತ್ತಿದ್ದಳು. ಆದರೆ ಇಷ್ಟು ವರ್ಷದ ಹಸಿವು, ಒಂದೇ ದಿನದ ತುಪ್ಪಕ್ಕೆ ಇಂಗುತ್ತದೆಯೇ? ಎಲ್ಲರ ಎದುರಿಗೆ, ಅತ್ತೆಯ ಬಾಯಿಂದಲೇ, ಅಚ್ಚುಕಟ್ಟಾಗಿ, ಒಂದು ಪೂರ್ತಿ ವಾಕ್ಯ ಬೇಕೆನಿಸಿತು ಅವಳಿಗೆ. ನಾಚಿಕೊಂಡವಳಂತೆ ಬಾಳೆಹಣ್ಣು ಸರಿಪಡಿಸಿಕೊಳ್ಳುತ್ತ ಕೇಳಿಯೇಬಿಟ್ಟಳು.

"ಅಂದ್ರ ಅತ್ತಿ, ನನ್ನ ಕೈಗುಣ ಛಲೋ ಅದ ಅಂದಂಗಾತಲ್ರಿ?"

"ಛಲೋ ಅಂದ್ರ? ಭಾಳ ಛಲೋ ಅದ! ತಪ್ಪು ನಂದ ನೋಡವಾ," ಅಂದಳು ತುಳಜಾಬಾಯಿ, ಸೊಸೆಯ ಗಲ್ಲ ಸವರಿ ಲಟಿಕೆ ಮುರಿಯುತ್ತ. "ಇಷ್ಟು ವರ್ಷ ನೀ ಮಾಡಿದ್ದೆಲ್ಲಾ ನಾ ಊಟ ಅಂತ ತಿಳಕೊಂಡು ತಿಂದೆ. ಔಷಧ ಅಂತ ತಿಳಕೊಂಡು ತಿಂದಿದ್ರ, ಒಂದು ದಿನಾನೂ ನಿನಗ ಒಂದು ಮಾತು ಅಂತಿದ್ದಿಲ್ಲ!"